ಜುಲೈ ತಿಂಗಳ ಬರ್ನ್ಸ್ ಕೂಟ

ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು. ಸ್ಕಾಟ್ಲೆಂಡಿನ ಜನ ಆ ರಾತ್ರಿ ಚಳಿಗೆ ಬಾಗಿಲು ಮುಚ್ಚಿ, ಹ್ಯಾಗಿಸ್ ಎಂಬ ಮಾಂಸದುಂಡೆ ಕೊಯ್ದು, ವಿಸ್ಕಿ ಕುಡಿದು ತಮ್ಮ ಕವಿಯನ್ನು ನೆನೆಯುತ್ತಾರೆ. ನಾನು ಅದನ್ನು ಜುಲೈನಲ್ಲಿ, ಅದೂ ಹಿತ್ತಲಿನಲ್ಲಿ ಮಾಡುತ್ತೇನೆ ಎಂದಾಗ ಏರ್ ಪಟ್ಟಣದ ನೆರೆಹೊರೆಯವರಿಗೆ ನಗು ಬಂತು. ಈ ಊರಿಗೆ ಬಂದು ನೆಲೆಸಿದ ಕನ್ನಡಿಗನಿಗೆ ಸಂಪ್ರದಾಯ ತಿಳಿಯದು ಎಂದುಕೊಂಡಿರಬೇಕು.

ಆದರೆ ಮೊದಲ ಬರ್ನ್ಸ್ ಕೂಟ ನಡೆದದ್ದೇ ಬೇಸಿಗೆಯಲ್ಲಿ. ಕವಿ ತೀರಿಕೊಂಡದ್ದು 1796ರ ಜುಲೈ 21ರಂದು, ಡಂಫ್ರೀಸ್‌ನಲ್ಲಿ. ಐದು ವರ್ಷಗಳ ಬಳಿಕ, 1801ರ ಅದೇ ದಿನ, ಒಂಬತ್ತು ಮಂದಿ ಏರ್ ಪಕ್ಕದ ಅಲೋವೆಯಲ್ಲಿ ಅವನು ಹುಟ್ಟಿದ ಹುಲ್ಲುಮಾಡಿನ ಮನೆಯಲ್ಲಿ ಸೇರಿ ಹ್ಯಾಗಿಸ್ ಮತ್ತು ಕುರಿತಲೆಯ ಊಟ ಮಾಡಿದರು; ಪಾದ್ರಿ ಹ್ಯಾಮಿಲ್ಟನ್ ಪಾಲ್ ಕವಿಯ ಮೇಲೊಂದು ಪದ್ಯ ಹೊಸೆದು ಓದಿದರು. ನಮ್ಮ ಕಡೆಯ ಲೆಕ್ಕದಲ್ಲಿ ಅದು ತಿಥಿಯೂಟ. ಹುಟ್ಟುಹಬ್ಬದ ರೂಢಿ ಆಮೇಲೆ ಬೆಳೆಯಿತು. ಇಷ್ಟು ಹೇಳಿದ ಮೇಲೆ ಪಕ್ಕದ ಮನೆಯ ನಿವೃತ್ತ ಮೇಷ್ಟರು ತಾವೇ ಭಾಷಣ ಮಾಡುವುದಾಗಿ ಒಪ್ಪಿಕೊಂಡರು.

ಅಡುಗೆಯಲ್ಲಿ ಬೇಸಿಗೆಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಜನವರಿಯಲ್ಲಿ ಹ್ಯಾಗಿಸ್ ಜೊತೆಗೆ ಹಳದಿ ಟರ್ನಿಪ್ ಗಡ್ಡೆ ಮತ್ತು ಆಲೂಗೆಡ್ಡೆಯನ್ನು ಬೇಯಿಸಿ ಹಿಸುಕಿ ಬಡಿಸುತ್ತಾರೆ. ಜುಲೈನಲ್ಲಿ ಆ ಗಡ್ಡೆಗೆ ಕಾಲವಲ್ಲ. ಆದರೆ ಏರ್‌ಶೈರ್ ಕರಾವಳಿಯ ಎಳೆ ಆಲೂಗೆಡ್ಡೆ ಹೊಲದಿಂದ ಆಗಷ್ಟೇ ಬಂದಿರುತ್ತದೆ. ಅದನ್ನು ಹಿಸುಕುವುದು ಅನ್ಯಾಯ. ಸಿಪ್ಪೆಸಹಿತ ಇಡಿಯಾಗಿ ಬೇಯಿಸಿ, ಬೆಣ್ಣೆ ಉಪ್ಪು ಹಾಕಿ ಕುಲುಕಿದರೆ ಸಾಕು. ಕ್ರಾನಕನ್ ಎಂಬ ಸಿಹಿಯೂ ಹಾಗೆಯೇ: ಹುರಿದ ಓಟ್ಸ್, ಕಡೆದ ಕೆನೆ, ಜೇನು, ತುಸು ವಿಸ್ಕಿ, ರಾಸ್ಪ್‌ಬೆರಿ. ಚಳಿಗಾಲದಲ್ಲಿ ಬಹುಮಂದಿ ಶೈತ್ಯಪೆಟ್ಟಿಗೆಯ ಹಣ್ಣು ಹಾಕುತ್ತಾರೆ. ಜುಲೈನಲ್ಲಿ ಇಲ್ಲಿನದೇ ತಾಜಾ ಹಣ್ಣು.

ಹ್ಯಾಗಿಸ್ ಮಾತ್ರ ಹೊರಗೆ ಕಾಟ ಕೊಡುತ್ತದೆ. ಕುರಿಯ ಗುಂಡಿಗೆ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಕೊಚ್ಚಿ, ಓಟ್ಸ್, ಕೊಬ್ಬು, ಈರುಳ್ಳಿ, ಮೆಣಸು ಸೇರಿಸಿ ಚೀಲದಂಥ ಚರ್ಮಕ್ಕೆ ತುಂಬಿದ ಉಂಡೆ ಅದು. ಅಂಗಡಿಯಿಂದ ಬೆಂದೇ ಬರುತ್ತದೆ, ಒಳತನಕ ಬಿಸಿಯಾಗಬೇಕು ಅಷ್ಟೆ. ಆದರೆ ನೀರು ಕೊತಕೊತ ಕುದಿದರೆ ಚರ್ಮ ಒಡೆಯುತ್ತದೆ. ಆದ್ದರಿಂದ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ನೀರು ಮೆಲ್ಲಗೆ ಮಿಸುಕುವಷ್ಟು ಉರಿಯಲ್ಲಿ ಇಡುತ್ತೇನೆ. ಅರ್ಧ ಕಿಲೋದ ಉಂಡೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬಡಿಸುವವರೆಗೆ ಬಿಸಿ ಆರದಂತೆ ಐಸ್ ಹಾಕದ ಐಸ್ ಪೆಟ್ಟಿಗೆಯಲ್ಲಿ ದಪ್ಪ ಟವೆಲುಗಳ ನಡುವೆ ಹೂತಿಟ್ಟು, ಹ್ಯಾಗಿಸ್ ಮೆರವಣಿಗೆಗೆ ಬ್ಯಾಗ್‌ಪೈಪ್ ಊದುವವರು ಹೊರಟಾಗಲೇ ತಟ್ಟೆಗೆ ತೆಗೆಯುತ್ತೇನೆ. ಬರ್ನ್ಸ್ ಹ್ಯಾಗಿಸ್ ಮೇಲೆ ಬರೆದ ಪದ್ಯದಲ್ಲಿ ಚಾಕು ಇಳಿದೊಡನೆ ಹಬೆ ಏಳುತ್ತದೆ. ಬೇಸಿಗೆಯ ಬಿಸಿಲಲ್ಲಿ ಹಬೆ ಅಷ್ಟಾಗಿ ಕಾಣುವುದಿಲ್ಲ, ಓದುವವರು ಆ ಕೊರತೆಯನ್ನು ಅಭಿನಯದಲ್ಲಿ ತುಂಬಿಕೊಡಬೇಕು. ಮಾಂಸ ತಿನ್ನದವರಿಗೆ ಬೇಳೆ, ರಾಜ್ಮಾ, ಓಟ್ಸ್‌ನ ಹ್ಯಾಗಿಸ್ ಸಿಗುತ್ತದೆ. ಅದನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬೋಂಡಾ ಕರಿದರೆ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ. ಹ್ಯಾಗಿಸ್ ಪಕೋಡ ಗ್ಲಾಸ್ಗೋದಲ್ಲಿ ಮಾಮೂಲಿ ತಿಂಡಿ, ನನ್ನ ಆವಿಷ್ಕಾರವೇನಲ್ಲ.

ಬಯಲಿನಲ್ಲಿ ದನಿ ನಿಲ್ಲುವುದಿಲ್ಲ. ಕವಿಯ ಸ್ಮರಣೆಯ ಮುಖ್ಯ ಭಾಷಣ ಚಳಿಗಾಲದ ಸಭಾಂಗಣಗಳಲ್ಲಿ ಅರ್ಧ ಗಂಟೆ ಎಳೆಯುವುದುಂಟು. ಮೇಷ್ಟರಿಗೆ ಹತ್ತು ನಿಮಿಷ ಎಂದು ಮೊದಲೇ ಹೇಳಿದ್ದೆ. ಅವರು ಸ್ವಲ್ಪ ಮುನಿಸಿಕೊಂಡರು, ಆದರೂ ಚೆನ್ನಾಗಿ ಮಾತನಾಡಿದರು: ರೈತನ ಮಗ, ಉಳುವಾಗ ಇಲಿಯ ಗೂಡು ಕೆಡಿಸಿದ್ದಕ್ಕೆ ಮರುಗಿ ಪದ್ಯ ಬರೆದವನು, ಕೊನೆಗೆ ಹೊಟ್ಟೆಪಾಡಿಗೆ ಅಬಕಾರಿ ಅಧಿಕಾರಿಯಾದವನು, ಮೂವತ್ತೇಳಕ್ಕೇ ಹೋದವನು. ಗಾಳಿಗೆ ಹಾಳೆ ಹಾರದಂತೆ ಬಟ್ಟೆಯ ಕ್ಲಿಪ್ಪುಗಳನ್ನು ಕೊಟ್ಟಿದ್ದೆ. ಗಾಳಿಯನ್ನು ಬೈಯುವಂತಿಲ್ಲ, ಅದು ಬೀಸುತ್ತಿದ್ದರೆ ನೊರಜು ಹತ್ತಿರ ಸುಳಿಯುವುದಿಲ್ಲ. ಮಳೆ ಹೇಗೂ ಬರುತ್ತದೆ ಎಂದೇ ಲೆಕ್ಕ ಹಾಕಿ ಶಾಮಿಯಾನ ಕಟ್ಟಿ.

ಪದ್ಯಗಳ ಆಯ್ಕೆಗೂ ಋತು ನೋಡಬೇಕು. ಜೂನ್‌ನಲ್ಲಿ ಅರಳಿದ ಕೆಂಪು ಗುಲಾಬಿಯ ಪ್ರೇಮಗೀತೆ ಇಳಿಬಿಸಿಲಿಗೆ ಹೇಳಿ ಮಾಡಿಸಿದ್ದು. ಬಿ. ಎಂ. ಶ್ರೀಯವರು ಕನ್ನಡಿಸಿದ ಬರ್ನ್ಸ್ ಪದ್ಯವೊಂದನ್ನು ನಾನು ಓದಿದೆ. ಅರ್ಥವಾಗದಿದ್ದರೂ ನೆರೆಯವರು ತಾಳ ಹಾಕಿದರು. ಬರ್ನ್ಸ್‌ನ ಕಥನಕವನ ‘ಟ್ಯಾಮ್ ಓ ಶಾಂಟರ್’ ಮಾತ್ರ ಬೆಳಕಿನಲ್ಲಿ ಓದುವಂಥದ್ದಲ್ಲ. ಕುಡಿದು ಬಿರುಗಾಳಿಯಲ್ಲಿ ಮನೆಗೆ ಹೊರಟ ಟ್ಯಾಮ್, ಅಲೋವೆಯ ಪಾಳುಚರ್ಚಿನಲ್ಲಿ ಕುಣಿಯುವ ಮಾಟಗಾತಿಯರು, ಡೂನ್ ಸೇತುವೆಯ ಮೇಲೆ ಬಾಲ ಕಳೆದುಕೊಳ್ಳುವ ಕುದುರೆ ಮೆಗ್. ಆ ಚರ್ಚೂ ಸೇತುವೆಯೂ ನಮ್ಮೂರಿನ ಅಂಚಿನಲ್ಲೇ ಇವೆ. ಇಲ್ಲಿ ಜುಲೈನಲ್ಲಿ ಕತ್ತಲು ಕವಿಯಲು ರಾತ್ರಿ ಹತ್ತು ದಾಟಬೇಕು. ಹಾಗಾಗಿ ಮಕ್ಕಳನ್ನು ಮಲಗಿಸಬೇಕೆಂದವರನ್ನು ತಡೆದು ಕೂರಿಸಬೇಕಾಯಿತು.

ಕೊನೆಯಲ್ಲಿ ಹಳೆಯ ಗೆಳೆತನ ನೆನೆಯುವ ಬರ್ನ್ಸ್‌ನ ಹಾಡು ‘ಆಲ್ಡ್ ಲ್ಯಾಂಗ್ ಸೈನ್’ ಹಾಡುವಾಗ ಮೊದಲ ಸಾಲಿಗೇ ತೋಳು ಅಡ್ಡ ಹಾಕಿ ಕೈ ಹಿಡಿಯುವವರು ಎಲ್ಲೆಡೆ ಇದ್ದಾರೆ. ‘ಇಗೋ ನನ್ನ ಕೈ, ನಂಬಿಗೆಯ ಗೆಳೆಯ’ ಎಂಬ ಕೊನೆಯ ಚರಣ ಬರುವವರೆಗೆ ಕಾಯುವುದು ಕ್ರಮ. ಈ ಸಲ ಅದನ್ನು ನೆನಪಿಸಿದ್ದು ಮೇಷ್ಟರಲ್ಲ, ನಾನು.