ಹನ್ನೊಂದೂವರೆಯ ಜಗಳ: ನನ್ನ ಅನುಭವ

ಯಾದಗಿರಿ ಹತ್ತಿರದ ನಮ್ಮ ಅಂಗನವಾಡಿಯಲ್ಲಿ ಹೋದ ವರ್ಷ ಮೂರೂವರೆ ವರ್ಷದ ಹುಡುಗನೊಬ್ಬ ದಿನಾ ಯಾರನ್ನಾದರೂ ಕಚ್ಚುತ್ತಿದ್ದ. ಒಬ್ಬಳ ತೋಳಿನ ಮೇಲೆ ಎರಡು ಸಾಲು ಹಲ್ಲಿನ ಗುರುತು ಸಂಜೆಯಾದರೂ ಹೋಗಿರಲಿಲ್ಲ. "ಎರಡು ಬಾರಿಸ್ರಿ ಅಕ್ಕೋರೆ, ಬರೋಬರಿ ಆಗ್ತಾನ" ಅಂತ ಎಲ್ಲರದ್ದೂ ಒಂದೇ ಮಾತು. ನಾನು ಒಪ್ಪಲಿಲ್ಲ. ಸಿಟ್ಟು ಬಂದರೆ ಹೊಡೆಯಬೇಕು ಅಂತ ನಾವೇ ಕಲಿಸಿದ ಹಾಗಾಗುತ್ತೆ, ಅಲ್ವಾ?

ಮೊದಲು ಮಾಡಿದ್ದೆಲ್ಲ ಕೆಟ್ಟಿತು. ಮೂಲೆಯಲ್ಲಿ ಕೂರಿಸಿದರೆ ಎದ್ದು ಬಂದು ಮತ್ತೆ ಕಚ್ಚಿದ. ಸ್ಟಿಕ್ಕರ್‌ಗೆ ಕೈಯಿಂದ 150 ರೂಪಾಯಿ ಹಾಕಿದೆ, ಸ್ಟಿಕ್ಕರ್‌ಗಾಗಿಯೇ ಜಗಳ ಶುರುವಾಯಿತು. ಸಿಟ್ಟು ಇಳಿಯಲಿ ಅಂತ ದಿಂಬು ಗುದ್ದಲು ಕೊಟ್ಟೆ. ಮೂರೇ ದಿನಕ್ಕೆ ಸುಮ್ನೆ ಇದ್ದ ಮಕ್ಕಳೂ ಪಕ್ಕದವರನ್ನು ಗುದ್ದಲು ಕಲಿತರು, ದಿಂಬು ಎತ್ತಿಟ್ಟೆ.

ಆಮೇಲೆ ಹಳೇ ನೋಟ್‌ಬುಕ್‌ನಲ್ಲಿ ಬರೆಯತೊಡಗಿದೆ: ಎಷ್ಟು ಗಂಟೆಗೆ, ಎಲ್ಲಿ, ಕಚ್ಚುವ ಮುಂಚೆ ಏನಾಯಿತು. 15 ದಿನಕ್ಕೆ 20-22 ಸಲ ಆಗಿತ್ತು. ಮುಕ್ಕಾಲು ಪಾಲು ಹನ್ನೊಂದೂವರೆ ಮೇಲೆ, ಊಟಕ್ಕೆ ಮುಂಚೆ, ಅದೂ ಇದ್ದ ಒಂದೇ ಆಟದ ಕಟ್ಟಿಗೆ ಚಕ್ಕಡಿಯ ಹತ್ತಿರ! ಮನೆಗೆ ಹೋಗಿ ವಿಚಾರಿಸಿದೆ. ಅಪ್ಪ, ಅವ್ವ ಬೆಂಗಳೂರಿಗೆ ದುಡಿಯಲು ಹೋಗಿದ್ದರು, ಹುಡುಗ ಅಜ್ಜಿಯ ಹತ್ತಿರ. ಬೆಳಗ್ಗೆ ಹೊಟ್ಟೆಗೆ ಬರೀ ಚಹಾ. ಮನೆಯಲ್ಲಿ ಲಂಬಾಣಿ ಮಾತು, ಕನ್ನಡದಲ್ಲಿ "ಕೊಡು" ಅನ್ನಲೂ ಅವನಿಗೆ ಬರುತ್ತಿರಲಿಲ್ಲ. ಎರಡು ಮೂರು ವರ್ಷಕ್ಕೆ ಕೈ ಎತ್ತುವುದು ಜಾಸ್ತಿ, ಮಾತು ಬಂದ ಹಾಗೆ ಇಳಿಯುತ್ತೆ ಅನ್ನುವುದು ನಮಗೆಲ್ಲ ಗೊತ್ತಿದೆ. ಇವನಿಗೆ ಮಾತಿತ್ತು, ನಮಗೇ ತಿಳಿಯುತ್ತಿರಲಿಲ್ಲ.

ಹತ್ತೂವರೆಗೆ ಎಲ್ಲರಿಗೂ ಒಂದೊಂದು ಹಿಡಿ ಚುರುಮುರಿ, ಬೆಲ್ಲ ಕೊಡತೊಡಗಿದೆ. ದಿನಕ್ಕೆ 30 ರೂಪಾಯಿ ಹತ್ತಿರ ಬಂತು. ಬಡಿಗೇರರಿಂದ ಅಂಥದ್ದೇ ಇನ್ನೊಂದು ಚಕ್ಕಡಿ ಮಾಡಿಸಿದೆ, 250 ಇರಬೇಕು. ಅಜ್ಜಿಯಿಂದ ನಾಲ್ಕು ಲಂಬಾಣಿ ಮಾತು ಕಲಿತೆ. ಅಂಗೈ ಚಾಚಿ "ನನ್ನ ಪಾಳಿ" ಅನ್ನುವುದನ್ನು ಎಲ್ಲ ಮಕ್ಕಳಿಗೂ ಆಡಿಸಿ ಆಡಿಸಿ ಕಲಿಸಿದೆ. ಹನ್ನೊಂದೂವರೆಗೆ ಅವನಿಂದ ಒಂದು ಮೊಳ ದೂರದಲ್ಲೇ ಕೂರುತ್ತಿದ್ದೆ. ಆದರೂ ಕಚ್ಚಿದರೆ ಮೊದಲು ಕಚ್ಚಿಸಿಕೊಂಡ ಮಗುವನ್ನು ಎತ್ತಿಕೊಂಡು, ಅವನಿಗೆ "ಕಚ್ಚಬಾರದು, ನೋಯುತ್ತೆ" ಅಷ್ಟೇ.

ಮೂರನೇ ವಾರಕ್ಕೆ ಎರಡೇ ಸಲ. ಎರಡನೇ ತಿಂಗಳು ಒಂದೇ ಸಲ. ಬಾರಿಸಿ ಅಂದವರೇ ಈಗ ನೋಟ್‌ಬುಕ್ ಕೇಳಿ ಒಯ್ಯುತ್ತಾರೆ. ದೀಪಾವಳಿಗೆ ಅಪ್ಪ, ಅವ್ವ ಬಂದು ತಿರುಗಿ ಹೋದ ವಾರ ಮಾತ್ರ ಮತ್ತೆ ಕಚ್ಚಿದ. ಆ ವಾರವಿಡೀ ಅವನು ಬಂದ ಕೂಡಲೇ ಹತ್ತು ನಿಮಿಷ ತೊಡೆಯ ಮೇಲೆ ಕೂರಿಸಿಕೊಂಡೆ. ನಿಂತಿತು.