ಹೆನ್ರಿಗಳ ಮನೆತನದ ವಂಶವೃಕ್ಷ: ನಾನು ಬರೆದ ಬಗೆ

ಜರ್ಮನಿಯ ಡ್ಯೂಕ್ ‘ಸಿಂಹ’ ಹೆನ್ರಿಯ ವಂಶವೃಕ್ಷ ಬರೆಯಲು ಕೂತಾಗ ಮೊದಲ ತಲೆನೋವೇ ಹೆಸರು. ಅಜ್ಜ ಹೆನ್ರಿ, ಅಪ್ಪ ಹೆನ್ರಿ, ಮಲತಂದೆ ಹೆನ್ರಿ, ಮಾವ ಹೆನ್ರಿ, ಹಿರಿಮಗನೂ ಹೆನ್ರಿ! ಹಾಗಾಗಿ ಹೆಣ್ಣುಮಕ್ಕಳಿಂದ ಶುರು ಮಾಡಿದೆ. ಒಬ್ಬೊಬ್ಬರ ಹೆಸರಿಗೂ ಚೌಕ ಹಾಕಿ, ಅವರಿಂದ ಬಂದ ಆಸ್ತಿಯನ್ನು ಕೆಳಗೆ ಬರೆದೆ.

ಅಜ್ಜಿ ವುಲ್ಫ್‌ಹಿಲ್ಡ್ ಕೆಳಗೆ ಲ್ಯೂನೆಬರ್ಗ್. ಅಮ್ಮ ಗರ್ಟ್ರೂಡ್ ಚಕ್ರವರ್ತಿ ಮೂರನೇ ಲೋಥಾರನ ಒಬ್ಬಳೇ ಮಗಳು. ಅವಳ ಕೆಳಗೆ ಬ್ರೌನ್‌ಶ್ವೈಗ್. 1139ರಲ್ಲಿ ಗಂಡ ತೀರಿಕೊಂಡ ಮೇಲೆ ಅವಳು ಬಾಬೆನ್‌ಬರ್ಗ್ ಮನೆತನದ ಇನ್ನೊಬ್ಬ ಹೆನ್ರಿಯನ್ನು ಮದುವೆಯಾದಳು. ಮೊದಲ ಗಂಡನ ಕೈಲಿದ್ದ ಬವೇರಿಯಾ ಪ್ರಾಂತ್ಯ ಅವನ ಪಾಲಾಯಿತು. 1156ರಲ್ಲಿ ಅದು ಅವಳ ಮಗ, ನಮ್ಮ ‘ಸಿಂಹ’ ಹೆನ್ರಿಗೆ ವಾಪಸ್ ಬಂತು. ಮಲತಂದೆಗೆ ಸಮಾಧಾನ ಆಗಬೇಕಲ್ಲ, ಆಸ್ಟ್ರಿಯಾವನ್ನು ಬವೇರಿಯಾದಿಂದ ಬೇರೆ ಮಾಡಿ ಅವನನ್ನು ಅಲ್ಲಿನ ಡ್ಯೂಕ್ ಮಾಡಿದರು.

ಈ ಪಂಚಾಯಿತಿ ಮಾಡಿದವನು ಚಕ್ರವರ್ತಿ ಬಾರ್ಬರೋಸಾ. ಅವನ ತಾಯಿ ಜುಡಿತ್ ನಮ್ಮ ಹೆನ್ರಿಗೆ ಸೋದರತ್ತೆ. ಆ ಗೆರೆಯನ್ನು ಕೆಂಪು ಶಾಯಿಯಲ್ಲಿ ಎಳೆದೆ, ಮುಂದಿನ ಜಗಳವೂ ಅಲ್ಲೇ ಹುಟ್ಟುತ್ತದೆ. ಹೆನ್ರಿಯ ಚಿಕ್ಕಪ್ಪ ಆರನೇ ವೆಲ್ಫ್‌ನ ಒಬ್ಬನೇ ಮಗ 1167ರಲ್ಲಿ ಸತ್ತ. ದುಡ್ಡಿಗೆ ಬದಲಾಗಿ ತನ್ನ ಆಸ್ತಿ ಬರೆದುಕೊಡಲು ವೆಲ್ಫ್ ಒಪ್ಪಿದ. ಹೆನ್ರಿ ದುಡ್ಡು ಕೊಡದೆ ಸತಾಯಿಸಿದ. ಸುಮ್ನೆ ಕಾದರೆ ಪುಕ್ಕಟೆ ಸಿಗುತ್ತದೆ ಅಂದುಕೊಂಡಿರಬೇಕು! ಬೇಸತ್ತ ಮುದುಕ ಅಕ್ಕನ ಮಗ ಬಾರ್ಬರೋಸಾನ ಕಡೆ ತಿರುಗಿದ. ಅವನು ದುಡ್ಡು ಕೊಟ್ಟು ಆಸ್ತಿ ತೆಗೆದುಕೊಂಡ. 1176ರಲ್ಲಿ ಬಾರ್ಬರೋಸಾ ಇಟಲಿಯ ಯುದ್ಧಕ್ಕೆ ಸೈನ್ಯ ಕೇಳಿದಾಗ ಹೆನ್ರಿ ಕೊಡಲಿಲ್ಲ. 1180ರಲ್ಲಿ ಅವನು ಡ್ಯೂಕ್ ಆಗಿದ್ದ ಸ್ಯಾಕ್ಸನಿ, ಬವೇರಿಯಾ ಎರಡೂ ಕೈಬಿಟ್ಟವು.

ಗಡಿಪಾರಾದವನಿಗೆ ಆಸರೆ ಕೊಟ್ಟದ್ದು ಹೆಂಡತಿಯ ತವರು. ಮಟಿಲ್ಡಾ ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿಯ ಮಗಳು. 1168ರಲ್ಲಿ ಮಿಂಡೆನ್‌ನಲ್ಲಿ ಮದುವೆಯಾದಾಗ ಅವಳಿಗಿನ್ನೂ ಹನ್ನೆರಡರ ಆಸುಪಾಸು.

ಬರೆದದ್ದನ್ನು ತಾಳೆ ನೋಡಲು ನಾನು ನೆಚ್ಚಿದ್ದು ಹೆನ್ರಿಯೇ ಬರೆಸಿದ ಸುವಾರ್ತೆ ಗ್ರಂಥದ ಒಂದು ಚಿತ್ರ. ಮೇಲಿಂದ ಚಾಚಿದ ಕೈಗಳು ಗಂಡ ಹೆಂಡತಿಗೆ ಕಿರೀಟ ತೊಡಿಸುತ್ತಿವೆ. ಹೆನ್ರಿಯ ಹಿಂದೆ ಅಪ್ಪ, ಅಮ್ಮ, ಅಮ್ಮನ ತಂದೆ ಲೋಥಾರ್, ತಾಯಿ ರಿಚೆಂಜಾ. ಅಪ್ಪನ ತಂದೆಗೆ ಜಾಗವೇ ಇಲ್ಲ! ಮಟಿಲ್ಡಾಳ ಹಿಂದೆ ಅವಳಪ್ಪ ಮತ್ತು ಅಪ್ಪನ ತಾಯಿ. ಚಕ್ರವರ್ತಿಯ ಮೊಮ್ಮಗ ಅನ್ನಿಸಿಕೊಳ್ಳಲು ತಾಯಿಯ ಕಡೆಯೇ ತಾನೇ ಬೇಕಿದ್ದದ್ದು, ಅಲ್ವಾ?

ಕಿರಿಯ ಮಗ ವಿಲಿಯಂ ಗಡಿಪಾರಿನ ಕಾಲದಲ್ಲೇ, 1184ರಲ್ಲಿ ವಿಂಚೆಸ್ಟರ್‌ನಲ್ಲಿ ಹುಟ್ಟಿದ. ಚಕ್ರವರ್ತಿಯಾದ ಅಣ್ಣ ಓಟ್ಟೋಗೆ ಮಕ್ಕಳಾಗಲಿಲ್ಲ. ವಂಶ ಮುಂದುವರಿದದ್ದು ವಿಲಿಯಂನಿಂದ. 1714ರಲ್ಲಿ ಬ್ರಿಟನ್ನಿನ ದೊರೆಯಾದ ಒಂದನೇ ಜಾರ್ಜ್ ಅದೇ ಸಾಲಿನವನು. ಅಲ್ಲಿಯತನಕ ಬರೆಯಲು ಕೆಳಗೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು.