ಮೆಟ್ಟಿಲಿಲ್ಲದ ಮನೆಯವರಿಗೆ ಬೆನ್ನುನೋವಿನ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ಫಿಸಿಯೊಥೆರಪಿಸ್ಟ್. ಬರುವವರಲ್ಲಿ ಬೆನ್ನುನೋವಿನವರೇ ಜಾಸ್ತಿ. ಗದಗ-ಬೆಟಗೇರಿಯ ನೇಕಾರರು, ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು, ಹೊಲದಲ್ಲಿ ಕಳೆ ತೆಗೆಯುವವರು. ವರ್ಷಗಟ್ಟಲೆ ನೋವು ತಿಂದವರು ಇವರು. ಆ ನೋವು ದಿನದ ಬದುಕನ್ನು ಎಷ್ಟು ಕಟ್ಟಿಹಾಕಿದೆ ಎಂದು ಅಳೆಯಬೇಕಿತ್ತು. ಅದಕ್ಕೆ ರೋಲ್ಯಾಂಡ್-ಮಾರಿಸ್ ಪ್ರಶ್ನಾವಳಿಯನ್ನು ನಮ್ಮ ಕಡೆಯವರಿಗೆ ಹೊಂದಿಸಲು ಕೆಲವರು ಸೇರಿ ಕೂತೆವು.

ಇಂಗ್ಲಿಷ್‌ನಲ್ಲಿ ಇದು ಪ್ರಕಟವಾದದ್ದು 1983ರಲ್ಲಿ. ಒಟ್ಟು 24 ಹೇಳಿಕೆಗಳು. ಇವತ್ತಿನ ಮಟ್ಟಿಗೆ ಯಾವುದು ನಿಜವೋ ಅದಕ್ಕೆ ಗುರುತು ಹಾಕಬೇಕು. ಒಂದು ಗುರುತಿಗೆ ಒಂದು ಅಂಕ. ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು.

ಅನುವಾದದ ಹಂತಗಳಿಗೆ 2000ದಲ್ಲಿ ಬೀಟನ್ ಮತ್ತು ಸಂಗಡಿಗರು ಬರೆದ ಮಾರ್ಗಸೂಚಿಯನ್ನು ಹಿಡಿದೆವು. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುತ್ತಾರೆ, ಎರಡನ್ನೂ ಕೂಡಿಸಿ ಒಂದು ಮಾಡುತ್ತಾರೆ. ಮೂಲವನ್ನು ನೋಡದ ಇನ್ನಿಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರುತ್ತಾರೆ. ತಜ್ಞರು ಕೂತು ನೋಡಿದ ಮೇಲೆ 30ರಿಂದ 40 ರೋಗಿಗಳ ಜೊತೆ ಪರೀಕ್ಷೆ. ಅನುವಾದ ಸಲೀಸಾಗಿ ಮುಗಿಯಿತು. ನಿಜವಾದ ಕೆಲಸ ಶುರುವಾದದ್ದು ರೋಗಿಗಳ ಮುಂದೆ ಕೂತಾಗ.

ಮೂಲದಲ್ಲಿ ಮೆಟ್ಟಿಲ ಬಗ್ಗೆ ಎರಡು ಹೇಳಿಕೆಗಳಿವೆ. ಒಂದರಲ್ಲಿ ಕಂಬಿ ಹಿಡಿದು ಹತ್ತುವುದು, ಇನ್ನೊಂದರಲ್ಲಿ ನಿಧಾನವಾಗಿ ಹತ್ತುವುದು. ಕುರ್ಚಿಯಿಂದ ಏಳುವುದಕ್ಕೂ ಎರಡು. ಕಾಲುಚೀಲ ಹಾಕಿಕೊಳ್ಳುವುದಕ್ಕೆ ಒಂದು. "ನಮ್ಮನ್ಯಾಗ ಮೆಟ್ಲಾನ ಇಲ್ರೀ" ಎಂದು ಅಜ್ಜಿ ಹೇಳಿದರೆ ಆ ಜಾಗ ಖಾಲಿ ಉಳಿಯುತ್ತದೆ. ಖಾಲಿ ಅಂದರೆ ಸೊನ್ನೆ. ನೆಲದಿಂದ ಏಳಲು ಗೋಡೆ ಹಿಡಿಯುವವಳು ಕಾಗದದ ಮೇಲೆ ಅರೆ ಆರೋಗ್ಯವಂತೆ! ಬಡವರ ನೋವು ಅಂಕದಲ್ಲಿ ಸಣ್ಣದಾಗಿ ಕಾಣುವುದು ಹೀಗೆ. ಇದನ್ನು ಸುಮ್ನೆ ಬಿಡಲು ನನಗೆ ಮನಸ್ಸು ಬರಲಿಲ್ಲ.

ಪರೀಕ್ಷೆಯ ಪ್ರತಿಗಳಲ್ಲಿ ಮಾತ್ರ "ನಮ್ಮಲ್ಲಿ ಇದು ಇಲ್ಲ" ಎಂಬ ಮೂರನೇ ಕಾಲಂ ಸೇರಿಸಿದೆವು. ಯಾವ ಹೇಳಿಕೆಗಳು ನಮ್ಮ ಜನರಿಗೆ ಹೊಂದುವುದಿಲ್ಲ ಎಂದು ಅಲ್ಲೇ ತಿಳಿಯಿತು. ಬದಲಾಯಿಸುವಾಗ ವಸ್ತುವನ್ನಲ್ಲ, ಬೆನ್ನು ಮಾಡುವ ಕೆಲಸವನ್ನು ನೋಡಿದೆವು. ಕಾಲುಚೀಲಕ್ಕೆ ಬಗ್ಗಿ ಪಾದ ಮುಟ್ಟಬೇಕು. ಹಾಗಾಗಿ ಬಗ್ಗಿ ಪಾದ ತಿಕ್ಕಿ ತೊಳೆಯುವುದನ್ನು ಇಟ್ಟೆವು. ಕುರ್ಚಿಯ ಜೊತೆಗೆ ನೆಲದಿಂದ ಏಳುವುದು ಬಂತು. ಮೆಟ್ಟಿಲ ಜೊತೆಗೆ ಬಸ್ ಹತ್ತುವುದು ಬಂತು. ಹೇಳಿಕೆಗಳ ಸಂಖ್ಯೆ 24 ಆಗಿಯೇ ಉಳಿಯಿತು.

ಉಲ್ಟಾ ತೊಂದರೆಯೂ ಇತ್ತು. "ಬೆನ್ನುನೋವಿನಿಂದಾಗಿ ದಿನದ ಹೆಚ್ಚು ಹೊತ್ತು ಕೂತೇ ಇರುತ್ತೇನೆ" ಎಂಬುದಕ್ಕೆ ನೇಕಾರರು ತಕ್ಷಣ ಹೌದು ಎನ್ನುತ್ತಿದ್ದರು. ಕುಣಿಮಗ್ಗದ ಅಂಚಿಗೆ ಕೂತು, ಕಾಲನ್ನು ಕುಣಿಯಲ್ಲಿ ಇಳಿಬಿಟ್ಟು ದುಡಿಯುವವರು ಇನ್ನೇನು ಹೇಳಬೇಕು? ಅವರು ಕೂರುವುದು ದುಡಿಮೆಗಾಗಿ, ನೋವಿಗಲ್ಲ. ಹೌದು ಎಂದವರಿಗೆಲ್ಲ "ಯಾಕೆ?" ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಂಡೆವು. ಆ ಒಂದು ಪ್ರಶ್ನೆ ಕಲಿಸಿದಷ್ಟನ್ನು ಯಾವ ಲೆಕ್ಕಾಚಾರವೂ ಕಲಿಸಲಿಲ್ಲ. ಮಂಡಿನೋವು ಇದ್ದವರೂ ಹೀಗೇ ಬೆರೆಸುತ್ತಿದ್ದರು. ಆದ್ದರಿಂದ ಓದಿ ಹೇಳುವಾಗ ಬೇಸರವಾದರೂ "ಬೆನ್ನುನೋವಿನಿಂದಾಗಿ" ಎಂಬುದನ್ನು ಹೇಳಿಕೆ ಹೇಳಿಕೆಗೂ ಒತ್ತಿ ಹೇಳುತ್ತೇವೆ. ಟೊಂಕ, ನಡು, ಬೆನ್ನು ಎಂದು ಒಬ್ಬೊಬ್ಬರದು ಒಂದೊಂದು ಮಾತು. ಅದಕ್ಕೆ ಜಾಗ ತೋರಿಸುವ ಚಿತ್ರವೊಂದನ್ನು ಮೊದಲೇ ಮುಂದಿಡುತ್ತೇವೆ.

ಓದಲು ಬಾರದವರಿಗೆ ನಾವೇ ಓದುತ್ತೇವೆ, ಅದೂ ಒಬ್ಬರೇ ಇದ್ದಾಗ. "ಮಂದಿ ಮೇಲೆ ಸಿಡಿಮಿಡಿಗೊಳ್ಳುತ್ತೇನೆ" ಎಂಬ ಹೇಳಿಕೆ ಇದೆ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಯಾವ ಸೊಸೆ ಹೌದು ಅಂದಾಳು? ಬೇರೆಯವರಿಂದ ಕೆಲಸ ಮಾಡಿಸಿಕೊಳ್ಳುವ ಹೇಳಿಕೆಗೂ ಇದೇ ಗತಿ. ಜೊತೆಗೆ ಬಂದವರಿಗೆ ಹೊರಗೆ ಕುರ್ಚಿ ಹಾಕಿ, ಚಹಾ ಕೊಟ್ಟು ಕೂರಿಸುವುದು ನಮ್ಮ ವಿಧಾನದ ಒಂದು ಭಾಗ ಎಂದೇ ನಾನು ತಿಳಿಯುತ್ತೇನೆ.

ನೋವು ಹೆಚ್ಚುಕಡಿಮೆ ಆಗದವರಿಗೆ ಕೆಲವು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ ಕೇಳಿ, ಉತ್ತರ ನಿಲ್ಲುತ್ತದೆಯೇ ಎಂದು ನೋಡಬೇಕು. ಮೆಣಸಿನಕಾಯಿ ಸುಗ್ಗಿ ನಡುವೆ ಬಂದರೆ ಈ ಹೋಲಿಕೆ ಕೆಡುತ್ತದೆ. ಆಳಿಗೆ ಹೋದ ದಿನದ ಬೆನ್ನು ಬೇರೆ, ಮನೆಯಲ್ಲಿದ್ದ ದಿನದ ಬೆನ್ನು ಬೇರೆ. ಅದಕ್ಕೇ ಫಾರ್ಮಿನ ಮೇಲ್ಗಡೆ ಒಂದು ಸಾಲು ಸೇರಿಸಿದ್ದೇವೆ: ಈ ವಾರ ಏನು ಕೆಲಸ ಮಾಡಿದಿರಿ? ಅದಕ್ಕೆ ಅಂಕ ಇಲ್ಲ. ಬದಲಾದ ಹೇಳಿಕೆಗಳು ಯಾವುವು ಎಂದು ಕೆಳಗೆ ಅಚ್ಚು ಹಾಕಿಸಿದ್ದೇವೆ, ಬೇರೆ ಕಡೆಯ ಅಂಕಗಳ ಜೊತೆ ಹೋಲಿಸುವವರಿಗೆ ಗೊತ್ತಿರಲಿ ಎಂದು.